ಗಡಿ ದಾಟುವಾಗ ಯಾವ ಫೋನು: ಇದ್ದದ್ದನ್ನೇ ಒಯ್ಯುವುದೋ, ಹಗುರ ಮಾಡುವುದೋ, ಬೇರೆಯದೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಟಿಕೆಟ್ ತೆಗೆಸುವುದು, ವೀಸಾ ಅರ್ಜಿ ತುಂಬುವುದು ದಿನನಿತ್ಯದ ಕೆಲಸ. ಬಂದವರು ಬ್ಯಾಗಿನ ತೂಕ ಹತ್ತು ಸಲ ಕೇಳುತ್ತಾರೆ. 23 ಕಿಲೋದೊಳಗೆ ಅಂಟಿನುಂಡಿ ಎಷ್ಟು, ಶೇಂಗಾ ಹಿಂಡಿ ಎಷ್ಟು, ಕಟಕ ರೊಟ್ಟಿ ಒಡೆಯದ ಹಾಗೆ ಹೇಗೆ ಕಟ್ಟಬೇಕು, ಎಲ್ಲ ಕೇಳುತ್ತಾರೆ. ಪರದೇಶದ ಗಡಿಯಲ್ಲಿ ಅಧಿಕಾರಿಗಳು ಫೋನನ್ನೂ ತೆರೆಸಿ ನೋಡಬಹುದು, ಆದರೆ ಫೋನಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ಒಬ್ಬ ಅಕ್ಕ ಬಂದಾಗ ನಾನೇ ಕೇಳಿದೆ. "ಫೋನಿನ್ಯಾಗ ಏನೇನ್ ಅದ, ಒಮ್ಮೆ ನೋಡ್ಕೊಂಡೀರೇನ್ರಿ ಅಕ್ಕಾರ?"

"ಏನದ ತಮ್ಮಾ ಅದರಾಗ? ಮೊಮ್ಮಕ್ಕಳ ಫೋಟೋ ಬಿಟ್ಟರ ಮತ್ತೇನಿಲ್ಲ."

ಗ್ಯಾಲರಿ ತೆರೆದು ಅವರೇ ಬೆರಳಾಡಿಸಿದರು, ನಾನು ಪಕ್ಕದಲ್ಲಿ ಕೂತೆ. ಮೊಮ್ಮಕ್ಕಳು ಇದ್ದರು, ಹೌದು. ಅವರ ನಡುನಡುವೆ ಹೊಲದ ಪಹಣಿ, ಮನೆಮಂದಿಯೆಲ್ಲರ ಆಧಾರ್, ಅಳಿಯನ ಸಂಬಳದ ಚೀಟಿ, ಮಗಳ ಏಳನೇ ತಿಂಗಳ ಸ್ಕ್ಯಾನ್ ವರದಿ, ಮೈದುನನ ಮಗಳ ಮದುವೆಯ ಬಯೋಡಾಟಾ. ಮಹಿಳಾ ಸಂಘದ ಸಾಲದ ವಹಿಯ ಒಂದು ಪುಟವೂ ಇತ್ತು. ಹನ್ನೆರಡು ಹೆಣ್ಣುಮಕ್ಕಳ ಹೆಸರು, ಯಾರದೆಷ್ಟು ಬಾಕಿ, ಕೊನೆಯಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತುಗಳು. ಇನ್ನೂ ಕೆಳಗೆ ಹೋದಾಗ ಯಾವುದೋ ಊರಿನ ಗಲಾಟೆಯ ರಕ್ತಸಿಕ್ತ ವಿಡಿಯೊ ಒಂದು ಬಂತು. ಅಕ್ಕ ಬೆಚ್ಚಿಬಿದ್ದರು. ಅದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು ತಾನಾಗಿಯೇ ಡೌನ್‌ಲೋಡ್ ಆಗಿ ಗ್ಯಾಲರಿಯಲ್ಲಿ ಕೂತಿತ್ತು.

"ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ" ಎನ್ನುವವರಿಗೆ ನಾನು ಈ ಫೋನಿನ ಕಥೆ ಹೇಳುತ್ತೇನೆ. ಅದರಲ್ಲಿದ್ದುದರಲ್ಲಿ ಅಕ್ಕನ ಸ್ವಂತದ್ದು ಕಾಲುಭಾಗವೂ ಇರಲಿಲ್ಲ. ಉಳಿದದ್ದೆಲ್ಲ ನಂಬಿ ಕಳಿಸಿದವರದ್ದು.

ನಿಜಾಮರ ಕಾಲದಲ್ಲಿ ನಮ್ಮ ಭಾಗದವರಿಗೆ ಗಡಿ ಎಂದರೆ ಕರೋಡಗಿರಿ ನಾಕಾ. ಸೊಲ್ಲಾಪುರ ಬ್ರಿಟಿಷರ ಸೀಮೆ, ಗುಲಬರ್ಗಾ ಹೈದರಾಬಾದ್ ಸಂಸ್ಥಾನದ್ದು. ಸೊಲ್ಲಾಪುರದಿಂದ ಬಟ್ಟೆ ತಂದರೆ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಿ ಸುಂಕ ಕಟ್ಟಿ ಬರಬೇಕಿತ್ತು ಎಂದು ನಮ್ಮಜ್ಜ ಹೇಳುತ್ತಿದ್ದ. ಗಡಿಯಲ್ಲಿ ಶೋಧಿಸುವ ಅಧಿಕಾರ ಹುಟ್ಟಿದ್ದೇ ಇಂಥ ಗಂಟುಮೂಟೆಗಾಗಿ, ಎಲ್ಲ ದೇಶದಲ್ಲೂ. ಆ ಅಧಿಕಾರವನ್ನೇ ಈಗ ಫೋನಿಗೂ ಹಚ್ಚಿದ್ದಾರೆ. ಗಂಟಿನಲ್ಲಿ ಬಟ್ಟೆ ಇರುತ್ತಿತ್ತು, ಫೋನಿನಲ್ಲಿ ಮನೆಯೇ ಇದೆ.

ಮುಂದಿರುವ ದಾರಿ ನಾಲ್ಕು. ದಿನಬಳಕೆಯ ಫೋನನ್ನು ಹಾಗೆಯೇ ಒಯ್ಯುವುದು, ಅದನ್ನೇ ಹಗುರ ಮಾಡಿ ಒಯ್ಯುವುದು, ಪ್ರವಾಸಕ್ಕೆಂದೇ ಬೇರೆ ಫೋನು ಇಟ್ಟುಕೊಳ್ಳುವುದು, ಇಲ್ಲವೇ ಕೀಪ್ಯಾಡ್ ಫೋನಿನಲ್ಲಿ ದಿನ ದೂಡುವುದು. ಯಾವುದು ಸರಿ ಎನ್ನುವುದು ನೀವು ಎಲ್ಲಿಗೆ, ಯಾವ ವೀಸಾದ ಮೇಲೆ ಹೊರಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಆ ದೇಶಗಳ ಮಾತು.

ಹೋಗುವ ದೇಶ ಯಾವುದು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಮ್ಮೆಪಡುವ ತೀರ್ಪು ಅದು. ಆದರೆ ಪರದೇಶದ ಇಮಿಗ್ರೇಷನ್ ಕೌಂಟರಿನ ಮುಂದೆ ಅದರ ಆಸರೆ ನಿಮಗಿಲ್ಲ, ಅಲ್ಲಿ ಅಲ್ಲಿಯದೇ ಕಾನೂನು.

ಅಮೆರಿಕದಲ್ಲಿ ಪೊಲೀಸರು ಬಂಧಿಸಿದವನ ಫೋನ್ ನೋಡಬೇಕಾದರೂ ವಾರಂಟ್ ಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಗಡಿಯಲ್ಲಿ ಮಾತ್ರ ಬೇರೆ ಲೆಕ್ಕ, ಅಲ್ಲಿನ ಅಧಿಕಾರಿಗಳು ವಾರಂಟ್ ಇಲ್ಲದೆಯೇ ಫೋನ್ ತೆರೆಸುತ್ತಾರೆ. 2018ರ ಜನವರಿಯ ಅವರ ಇಲಾಖಾ ನಿಯಮದಲ್ಲಿ ಎರಡು ಬಗೆಯ ತಪಾಸಣೆ ಇದೆ. ಅಧಿಕಾರಿ ಕೈಯಿಂದ ತಿರುವಿ ನೋಡುವುದು ಒಂದು, ಅದಕ್ಕೆ ಯಾವ ಅನುಮಾನವೂ ಬೇಕಿಲ್ಲ. ಯಂತ್ರಕ್ಕೆ ಜೋಡಿಸಿ ನಕಲು ತೆಗೆಯುವುದು ಇನ್ನೊಂದು, ಅದಕ್ಕೆ ಸಕಾರಣ ಅನುಮಾನವೋ ದೇಶದ ಭದ್ರತೆಯ ಕಾರಣವೋ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ನಮಗೆ ಬೇಕಾದ ಅಂಶ ಅದೇ ನಿಯಮದಲ್ಲಿದೆ: ಅವರು ನೋಡಬಹುದಾದದ್ದು ಫೋನಿನೊಳಗೆ ಇರುವುದನ್ನು ಮಾತ್ರ. ಕ್ಲೌಡ್‌ನಲ್ಲಿ (ಇಂಟರ್ನೆಟ್ಟಿನ ಮೂಲಕ ಸಿಗುವ ಕಂಪನಿಯ ಕಂಪ್ಯೂಟರಿನಲ್ಲಿ) ಇರುವುದನ್ನು ಎಳೆದು ನೋಡುವಂತಿಲ್ಲ, ಅದಕ್ಕಾಗಿ ಇಂಟರ್ನೆಟ್ ಬಂದ್ ಮಾಡಿಯೇ ನೋಡಬೇಕು. ಈ ಒಂದು ಸಾಲಿನ ಮೇಲೆಯೇ ನನ್ನ ಮುಂದಿನ ಸಲಹೆಯೆಲ್ಲ ನಿಂತಿದೆ.

ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. 2024ರ ಹಣಕಾಸು ವರ್ಷದಲ್ಲಿ ಅಮೆರಿಕ ತಪಾಸಣೆ ಮಾಡಿದ್ದು ಸುಮಾರು 47 ಸಾವಿರ ಸಾಧನಗಳನ್ನು; ಆ ದೇಶಕ್ಕೆ ಬಂದಿಳಿಯುವ ಕೋಟಿಗಟ್ಟಲೆ ಮಂದಿಯಲ್ಲಿ ಅದು ತೀರಾ ಸಣ್ಣ ಪಾಲು. ಆದರೆ ಸರದಿ ನಿಮ್ಮದೇ ಆದಾಗ ಲೆಕ್ಕ ಕೈಹಿಡಿಯುವುದಿಲ್ಲ. ಅಮೆರಿಕದ ಪ್ರಜೆ ಫೋನ್ ತೆರೆಯುವ ಕೋಡ್ ಹೇಳಲು ಒಲ್ಲೆ ಎಂದರೂ ಅವನನ್ನು ದೇಶದೊಳಗೆ ಬಿಡಲೇಬೇಕು, ಅಧಿಕಾರಿಗಳು ಫೋನ್ ಇಟ್ಟುಕೊಳ್ಳಬಹುದು ಅಷ್ಟೆ. ಬಾಣಂತನಕ್ಕೆ ಹೋಗುವ ತಾಯಿ, ಎಂ.ಎಸ್. ಓದಲು ಹೋಗುವ ಹುಡುಗ ಒಲ್ಲೆ ಎಂದರೆ ಅಲ್ಲಿಂದಲೇ ವಾಪಸ್ ಕಳಿಸುವ ಅಧಿಕಾರ ಅವರಿಗಿದೆ.

ಬ್ರಿಟನ್ ಇದಕ್ಕಿಂತ ಬಿಗಿ. ಅಲ್ಲಿನ 2000ದ ಭಯೋತ್ಪಾದನಾ ಕಾಯ್ದೆಯ 7ನೇ ಪರಿಶಿಷ್ಟದಡಿ ಯಾವ ಅನುಮಾನವಿಲ್ಲದೆಯೂ ಪ್ರಯಾಣಿಕನನ್ನು 6 ತಾಸಿನವರೆಗೆ ಕೂರಿಸಿ ಪ್ರಶ್ನಿಸಬಹುದು. ಆಗ ಪಾಸ್‌ವರ್ಡ್ ಕೊಡದಿದ್ದರೆ ಅದೇ ಅಪರಾಧ, 2017ರಲ್ಲಿ ಒಬ್ಬರಿಗೆ ಹೀಗೆ ಶಿಕ್ಷೆಯೂ ಆಗಿದೆ. ನ್ಯೂಜಿಲೆಂಡ್ 2018ರಲ್ಲಿ ಹೊಸ ಕಾನೂನು ತಂದು ಅನುಮಾನಕ್ಕೆ ಕಾರಣ ಇದ್ದರಷ್ಟೇ ಫೋನ್ ನೋಡಬೇಕು ಎಂದಿತು. ಜೊತೆಗೆ ಕೋಡ್ ಕೊಡದವರಿಗೆ 5,000 ಡಾಲರ್‌ವರೆಗೆ ದಂಡವನ್ನೂ ಇಟ್ಟಿತು.

ನಮ್ಮ ಭಾಗದಿಂದ ಹೆಚ್ಚು ಜನ ಹೋಗುವುದು ಕೊಲ್ಲಿ ದೇಶಗಳಿಗೆ, ದುಡಿಯಲು ಮತ್ತು ಉಮ್ರಾಕ್ಕೆ. ಅಲ್ಲಿ ನನ್ನ ಚಿಂತೆ ಕೌಂಟರಿನಲ್ಲಿ ಫೋನ್ ಕೇಳುತ್ತಾರೋ ಇಲ್ಲವೋ ಎನ್ನುವುದಲ್ಲ, ಫೋನಿನೊಳಗೆ ಏನಿದೆ ಎನ್ನುವುದು. ಯುಎಇಯ ಸೈಬರ್ ಅಪರಾಧ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಗಾಳಿಸುದ್ದಿ ಹಬ್ಬಿಸುವುದು, ಧರ್ಮನಿಂದೆ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಹಂಚುವುದು ಎಲ್ಲ ಅಪರಾಧ. ಊರಿನ ಗುಂಪಿನಲ್ಲಿ ನಾವು ಕಣ್ಣುಮುಚ್ಚಿ ಫಾರ್ವರ್ಡ್ ಮಾಡುವ ವಿಡಿಯೊ ಅಲ್ಲಿ ಮೊಕದ್ದಮೆ ಆಗಬಹುದು. ಇನ್ನೊಂದು, ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ನಡೆಯುವುದಿಲ್ಲವೆಂದು ನಮ್ಮ ಹುಡುಗರು ಇಲ್ಲಿಂದಲೇ ವಿಪಿಎನ್ (ಇಂಟರ್ನೆಟ್ ವಿಳಾಸ ಮರೆಮಾಚುವ ಆ್ಯಪ್) ಹಾಕಿಸಿಕೊಂಡು ಹೋಗುತ್ತಾರೆ. ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಲು ಇಂಟರ್ನೆಟ್ ವಿಳಾಸ ಮರೆಮಾಚಿದರೆ ಆ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡವಿದೆ. ಕೂಲಿಗೆ ಹೋದವನಿಗೆ ಅದು ಜನ್ಮದ ಸಾಲ. ವಿಪಿಎನ್ ತೆಗೆದುಹಾಕಿ, ಅಲ್ಲಿ ಪರವಾನಗಿ ಇರುವ ಆ್ಯಪ್‌ನಲ್ಲೇ ಮನೆಗೆ ಮಾತಾಡಿ.

ಹೊರಡುವ ನಿಲ್ದಾಣದಲ್ಲಿ

ನಮಗೆ ಹತ್ತಿರದ ಅಂತರರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಪ್ರಯಾಣಿಕನ ಫೋನಿಗೆಂದೇ ಬರೆದ ಅಧ್ಯಾಯ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಇಲ್ಲ. ಅದರಲ್ಲಿರುವುದು ಮೈ ಶೋಧನೆ, ಸಾಮಾನು ಶೋಧನೆ, ದಾಖಲೆ ವಶಕ್ಕೆ ಪಡೆಯುವ ಅಧಿಕಾರ. ಅದೇ ಕಾಯ್ದೆಯ 102ನೇ ಕಲಮು ನಿಮ್ಮ ಪರವಾಗಿದೆ: ಮೈ ಶೋಧನೆಗೆ ಮುಂದಾದರೆ ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ನೀವು ಕೇಳಬಹುದು, ಕೇಳಿದರೆ ಒಯ್ಯಲೇಬೇಕು.

ಪೊಲೀಸ್ ತನಿಖೆಯ ಮಟ್ಟಿಗೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಮೊಕದ್ದಮೆಯಲ್ಲಿ ದಾರಿ ಹಾಕಿಕೊಟ್ಟಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಬಿಟ್ಟದ್ದು. ಕೊಡದಿದ್ದರೆ ಅಧಿಕಾರಿ ಕೋರ್ಟಿನಿಂದ ಶೋಧನಾ ವಾರಂಟ್ ತರಬೇಕು. ನಮ್ಮ ಕಲಬುರಗಿ ಪೀಠದ ವ್ಯಾಪ್ತಿಗೆ ಈ ತೀರ್ಪು ಅನ್ವಯಿಸುತ್ತದೆ. ಶಂಶಾಬಾದ್ ತೆಲಂಗಾಣದಲ್ಲಿದೆ, ಅಲ್ಲಿ ಇದನ್ನು ಉದಾಹರಿಸಬಹುದೇ ಹೊರತು ಕಟ್ಟುಪಾಡು ಅಲ್ಲ. ಅದೇ 2021ರಲ್ಲಿ ಹೈದರಾಬಾದಿನ ಬೀದಿಯಲ್ಲಿ ಪೊಲೀಸರು ಹಾದಿಹೋಕರನ್ನು ನಿಲ್ಲಿಸಿ ಅವರ ವಾಟ್ಸ್ಆ್ಯಪ್‌ನಲ್ಲಿ 'ಗಾಂಜಾ' ಎಂಬ ಪದ ಹುಡುಕಿಸಿದ ವಿಡಿಯೊ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಕಾನೂನು ಹೇಳುವುದು ಒಂದು, ರಸ್ತೆಯಲ್ಲಿ ನಡೆಯುವುದು ಇನ್ನೊಂದು.

ನನಗೂ ಒಮ್ಮೆ ಆದದ್ದು ಹಾಗೇ. ಕೆಲವು ವರ್ಷಗಳ ಹಿಂದೆ ಪರದೇಶದಿಂದ ಮರಳುವಾಗ ಒಂದು ನಿಲ್ದಾಣದಲ್ಲಿ "ಫೋನ್ ತೆಗಿ" ಅಂದರು. ಬೆರಳಚ್ಚು ಒತ್ತಿ ತೆಗೆದು ಕೊಟ್ಟುಬಿಟ್ಟೆ. ಅವರು ಅದನ್ನು ಹಿಡಿದು ಒಳಕೋಣೆಗೆ ಹೋದರು, ಅರ್ಧ ತಾಸು ಬಾಗಿಲು ನೋಡುತ್ತ ನಿಂತೆ. ಏನು ನೋಡಿದರು, ನಕಲು ಮಾಡಿದರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಹೆಸರು ಕೇಳಲಿಲ್ಲ, ರಸೀದಿ ಕೇಳಲಿಲ್ಲ. ಅದರಲ್ಲಿ ಗಿರಾಕಿಗಳ ಅರವತ್ತು ಪಾಸ್‌ಪೋರ್ಟುಗಳ ಚಿತ್ರ ಇದ್ದವು. ಮರುದಿನ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕಾಯಿತು. ಈ ವಿಷಯ ನನಗೆ ಇಷ್ಟು ಹಚ್ಚಿಕೊಂಡದ್ದು ಅಂದಿನಿಂದ.

ನಾಲ್ಕು ದಾರಿಗಳಲ್ಲಿ

ದಿನಬಳಕೆಯ ಫೋನನ್ನು ಹಾಗೇ ಒಯ್ಯುವುದು ಸುಲಭ, ಖರ್ಚಿಲ್ಲ, ಒಟಿಪಿ, ಬ್ಯಾಂಕು, ಯುಪಿಐ ಎಲ್ಲ ಕೈಯಲ್ಲೇ. ಆದರೆ ಮೇಲೆ ಹೇಳಿದ ಅಕ್ಕನ ಗ್ಯಾಲರಿ ನೋಡಿದ ಮೇಲೆ ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ, ನಾಲ್ಕು ದಿನದ ದುಬೈ ಪ್ರವಾಸಕ್ಕೂ ಹೇಳಲಾರೆ.

ಕೀಪ್ಯಾಡ್ ಫೋನಿನ ಮಾತು ಹಿರಿಯರು ಎತ್ತುತ್ತಾರೆ. ಸುರಕ್ಷಿತವೇನೋ ಹೌದು, ಆದರೆ ಕೆಲಸಕ್ಕೆ ಬಾರದು. ಮದೀನಾದಲ್ಲಿ ಪ್ರವಾದಿ ಮಸೀದಿಯ ರೌದಾ ದರ್ಶನಕ್ಕೆ ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲಿ ಪರವಾನಗಿ ಪಡೆಯಬೇಕು. ಅಮೆರಿಕದಲ್ಲಿ ಹಳೆಯ 2ಜಿ, 3ಜಿ ಜಾಲಗಳನ್ನು ಬಹುತೇಕ ಮುಚ್ಚಿದ್ದಾರೆ, ಆ ಜಾಲದ ಮೇಲೆ ನಡೆಯುವ ಫೋನು ಅಲ್ಲಿ ಗಂಟೆಯನ್ನೇ ಬಾರಿಸುವುದಿಲ್ಲ.

ಹಾಗಾಗಿ ನಿಜವಾದ ಆಯ್ಕೆ ಇರುವುದು ನಡುವಿನ ಎರಡರಲ್ಲಿ.

ಬೇರೆ ಫೋನು ಯಾರಿಗೆ ಬೇಕು? ಪರರ ಗುಟ್ಟು ಕಾಯುವುದೇ ಕಸುಬಾದವರಿಗೆ. ಕಕ್ಷಿದಾರರ ಕಾಗದ ಇಟ್ಟುಕೊಂಡ ವಕೀಲರು, ರೋಗಿಗಳ ವರದಿ ಇರುವ ಡಾಕ್ಟರರು, ಪತ್ರಕರ್ತರು, ನನ್ನ ಹಾಗೆ ಊರವರ ಪಾಸ್‌ಪೋರ್ಟ್ ಇಟ್ಟುಕೊಂಡವರು. ಅಮೆರಿಕದ ನಿಯಮದಲ್ಲಿ ವಕೀಲ ಮತ್ತು ಕಕ್ಷಿದಾರರ ನಡುವಿನ ಮಾಹಿತಿಗೆ ಬೇರೆ ಕ್ರಮವಿದೆ, ಆದರೆ ಅದನ್ನು ಅಲ್ಲಿ ನಿಂತು ವಾದಿಸುವುದಕ್ಕಿಂತ ಒಯ್ಯದೇ ಇರುವುದು ಒಳ್ಳೆಯದು. ಮನೆಯಲ್ಲಿ ಬಿದ್ದಿರುವ ಹಳೆಯ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕು, ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿರಬೇಕು ಅಷ್ಟೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು *#06# ಒತ್ತಿ, ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಬಂದ 15 ಅಂಕಿ ಬರೆದು 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಫೋನೆಂದು ತಡೆ ಹಾಕಿದ್ದರೆ ತಿಳಿಯುತ್ತದೆ. ಕದ್ದ ಮಾಲು ಹಿಡಿದು ಗಡಿಗೆ ಹೋಗುವುದು ಬೇಡ.

ಬೇರೆ ಫೋನಿನ ತೊಂದರೆ ಎಂದರೆ ಯುಪಿಐ ಸಿಮ್‌ಗೂ ಫೋನಿಗೂ ಒಟ್ಟಿಗೆ ಗಂಟುಬಿದ್ದಿರುತ್ತದೆ. ಫೋನು ಬದಲಾದರೆ ಅದೇ ಸಿಮ್‌ನಿಂದ ಮತ್ತೆ ನೋಂದಣಿ ಆಗಬೇಕು. ಅದನ್ನು ಊರಲ್ಲೇ ಮುಗಿಸಿ, ವಾರ ಮುಂಚೆ ಸಿಮ್ ಬದಲಿಸಿ ಬಳಸಿ ನೋಡಿ, ರೋಮಿಂಗ್‌ನಲ್ಲಿ ಒಟಿಪಿ ಬರುವಂತೆ ಮಾಡಿಕೊಳ್ಳಿ. ಇನ್ನೊಂದು, ಏನೂ ಇಲ್ಲದ ಬೋಳು ಫೋನು ಅನುಮಾನ ತರುತ್ತದೆ. ಟಿಕೆಟ್, ಹೋಟೆಲಿನ ಬುಕಿಂಗ್, ನಾಲ್ಕು ಮನೆಯವರ ನಂಬರ್, ಹತ್ತು ಫೋಟೋ ಇರಲಿ. ಕೇಳಿದರೆ "ಪ್ರವಾಸಕ್ಕೆ ಬೇರೆ ಫೋನ್ ಇಟ್ಟುಕೊಂಡಿದ್ದೇನೆ" ಎಂದು ಇದ್ದದ್ದನ್ನೇ ಹೇಳಿ.

ಉಳಿದ ಎಲ್ಲರಿಗೂ, ಅಂದರೆ ಬಾಣಂತನದ ತಾಯಂದಿರು, ಓದುವ ಮಕ್ಕಳು, ಉಮ್ರಾದ ಹಿರಿಯರು, ದುಡಿಯಲು ಹೊರಟವರಿಗೆ ನಾನು ಹೇಳುವುದು ಇರುವ ಫೋನನ್ನೇ ಹಗುರ ಮಾಡಿ ಎಂದು. ಇದಕ್ಕೆ ಎರಡು ಸಂಜೆ ಬೇಕು, ಟ್ಯಾಕ್ಸಿಯಲ್ಲಿ ಕೂತು ಆಗುವುದಿಲ್ಲ.

ಮೊದಲ ಸಂಜೆ ವಾಟ್ಸ್ಆ್ಯಪ್. ಮೀಡಿಯಾ ಆಟೋ ಡೌನ್‌ಲೋಡ್ ಬಂದ್ ಮಾಡಿ. ನೀವು ಬಾಯಿ ಬಿಡದ ಗುಂಪುಗಳಿಂದ ಹೊರಬನ್ನಿ. ಸಂದೇಶಗಳಿಗೆ ಗೂಢಲಿಪಿ (ಎನ್‌ಕ್ರಿಪ್ಶನ್) ಇದೆಯಲ್ಲ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಅದು ದಾರಿಯಲ್ಲಿ ಕದಿಯುವವರಿಂದ ಕಾಯುತ್ತದೆಯೇ ಹೊರತು ತೆರೆದ ಫೋನು ಕೈಯಲ್ಲಿ ಹಿಡಿದವರಿಂದಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್‌ಗೂ ಗೂಢಲಿಪಿ ಹಾಕುವ ಆಯ್ಕೆ ಇದೆ, ಅದನ್ನು ಹಾಕಿ ಬ್ಯಾಕಪ್ ತೆಗೆದುಕೊಳ್ಳಿ. ಆ ಬ್ಯಾಕಪ್ಪಿನ ಪಾಸ್‌ವರ್ಡನ್ನು ಮನೆಯಲ್ಲಿ ಕಾಗದದ ಮೇಲೆ ಬರೆದಿಡಿ, ಮರೆತರೆ ಕಂಪನಿಯೂ ತೆಗೆದುಕೊಡಲಾರದು.

ಎರಡನೇ ಸಂಜೆ ಫೋಟೋ. ಇಲ್ಲಿ ನಮ್ಮ ಜನ ಸುಟ್ಟುಕೊಳ್ಳುವುದು ಹೆಚ್ಚು. ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಕ್ಲೌಡಿನಿಂದಲೂ ಎರಡೂ ಕಡೆ ಹೋಗುತ್ತದೆ. ಎಲ್ಲ ಬ್ಯಾಕಪ್ ಆಗಿದೆಯೆಂದು ನೋಡಿಕೊಂಡು 'ಫ್ರೀ ಅಪ್ ಸ್ಪೇಸ್' ಒತ್ತಬೇಕು, ಆಗ ಫೋನು ಖಾಲಿಯಾಗುತ್ತದೆ, ಕ್ಲೌಡಿನಲ್ಲಿ ಉಳಿಯುತ್ತದೆ. ಆಮೇಲೆ ಆ ಆ್ಯಪ್‌ನಿಂದ ಲಾಗೌಟ್ ಆಗಿ. ಉಚಿತ ಜಾಗ 15 ಜಿಬಿ ಮಾತ್ರ. ಮೀರಿದರೆ ಪೆನ್‌ಡ್ರೈವ್‌ಗೆ ಹಾಕಿ ಮನೆಯ ಕಪಾಟಿನಲ್ಲಿಡಿ. ಕೈಯಾರೆ ಅಳಿಸಿದ್ದು ಒಂದೆರಡು ತಿಂಗಳ ಕಾಲ ಕಸದಬುಟ್ಟಿಯಲ್ಲಿ ಕೂತಿರುತ್ತದೆ, ಅದನ್ನೂ ಬರಿದು ಮಾಡಿ. ಆಧಾರ್ ಫೋಟೋ ಬದಲು ಡಿಜಿಲಾಕರ್ ಸಾಕು. ಇಮೇಲ್, ಫೇಸ್‌ಬುಕ್‌ನಿಂದಲೂ ಲಾಗೌಟ್ ಆಗಿ, ಯಾಕೆಂದರೆ ಒಮ್ಮೆ ತೆರೆದ ಸಂದೇಶಗಳು ಇಂಟರ್ನೆಟ್ ಬಂದ್ ಇದ್ದರೂ ಕಾಣಿಸುತ್ತವೆ.

ಅಮೆರಿಕಕ್ಕೆ ಹೊರಟವರು ಒಂದು ಗೆರೆ ದಾಟಬಾರದು. 2019ರಿಂದ ಅಲ್ಲಿನ ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು, ಅದೇ ಡಿಸೆಂಬರ್‌ನಿಂದ ಉದ್ಯೋಗದ ಎಚ್-1ಬಿ ವೀಸಾ ಮತ್ತು ಅವರ ಮನೆಯವರ ಎಚ್-4 ವೀಸಾ ಕೇಳುವವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಅರ್ಜಿ ತುಂಬುವ ಕೆಲವರು ಕೆಲಸ ಹಗುರಾಗಲಿ ಎಂದು "ಖಾತೆ ಇಲ್ಲ" ಎಂದು ಬರೆದುಬಿಡುತ್ತಾರೆ. ಅದು ಸುಳ್ಳು, ಅದರ ಫಲ ಉಣ್ಣುವವರು ನೀವು. ಆ್ಯಪ್ ತೆಗೆಯುವುದು ಹಗುರ ಮಾಡುವುದು; ಇದ್ದ ಖಾತೆಯನ್ನು ಇಲ್ಲ ಎನ್ನುವುದು ಬೇರೆಯೇ ಮಾತು. ಹಾಗೆಯೇ ಸರದಿಯಲ್ಲಿ ನಿಂತು ಅಳಿಸುವ ಕೆಲಸವೂ ಬೇಡ, ಅಲ್ಲಿ ಎಲ್ಲೆಡೆ ಕ್ಯಾಮೆರಾ ಇರುತ್ತದೆ.

ಬೀಗ, ಮತ್ತು ಕೌಂಟರಿನ ಮುಂದೆ

ಬೆರಳಚ್ಚೋ, ಮುಖವೋ, ಅಂಕಿಯೋ ಎಂದರೆ ಪ್ರವಾಸದಲ್ಲಿ ಅಂಕಿಯೇ ಮೇಲು. ಕನಿಷ್ಠ ಆರಂಕಿ, ಹುಟ್ಟಿದ ಇಸವಿ ಬೇಡ. ಬೆರಳು ಹಿಡಿದು ಒತ್ತಿಸಬಹುದು, ಮನಸ್ಸಿನೊಳಗಿನ ಅಂಕಿ ಹಾಗೆ ಬಾರದು. ವಿಮಾನ ಇಳಿಯುವ ಮೊದಲು ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಮಾಡಿ ಮೊದಲ ಸಲ ಕೋಡ್ ಹಾಕುವವರೆಗೆ ಒಳಗಿನ ಮಾಹಿತಿ ಗೂಢಲಿಪಿಯಲ್ಲೇ ಮಡಚಿಕೊಂಡಿರುತ್ತದೆ, ಬರೀ ಪರದೆ ಲಾಕ್ ಆಗಿರುವುದಕ್ಕಿಂತ ಅದು ಗಟ್ಟಿ.

ಕೋಡ್ ಕೇಳಿದರೆ ಕೊಡಬೇಕೇ? ಕೊಲ್ಲಿಯಲ್ಲಿ, ಬ್ರಿಟನ್ನಿನಲ್ಲಿ ಹಟ ಹಿಡಿಯಬೇಡಿ. ಅಮೆರಿಕದಲ್ಲಿ ವೀಸಾದ ಮೇಲೆ ಹೋದವರು ಕೊಡದಿದ್ದರೆ ವಾಪಸ್ ಬರಲು ಸಿದ್ಧರಿರಬೇಕು. ಕೊಡುವುದಾದರೆ ಕೋಡ್ ಬಾಯಿಬಿಟ್ಟು ಹೇಳುವ ಬದಲು "ನಾನೇ ಹಾಕಿಕೊಡಲೇ?" ಎಂದು ಕೇಳಿ, ಏರ್‌ಪ್ಲೇನ್ ಮೋಡ್ ಹಾಕಿ ಕೊಡಿ. ಅಧಿಕಾರಿಯ ಹೆಸರು, ವೇಳೆ ಬರೆದುಕೊಳ್ಳಿ. ಫೋನ್ ಇಟ್ಟುಕೊಂಡರೆ ರಸೀದಿ ಇಲ್ಲದೆ ಕದಲಬೇಡಿ. ಮಗಳ ನಂಬರು, ಅಲ್ಲಿನ ವಿಳಾಸ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟಿರಿ, ಫೋನು ಹೋದರೂ ಕರೆ ಮಾಡಬೇಕಲ್ಲ. ಫೋನು ನಿಮ್ಮ ಕಣ್ಣಿನಿಂದ ಮರೆಯಾಗಿದ್ದರೆ ಹೊರಬಂದ ಮೇಲೆ ಕೋಡ್, ಇಮೇಲ್ ಪಾಸ್‌ವರ್ಡ್ ಬದಲಿಸಿ, ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್' ತೆರೆದು ಗುರುತಿಲ್ಲದ ಯಂತ್ರ ಇದ್ದರೆ ತೆಗೆದುಹಾಕಿ.

ಬಾಣಂತನದ ಅಕ್ಕ ಹೊರಡುವ ಮುನ್ನಾದಿನ ಮತ್ತೆ ಬಂದರು. ಗ್ಯಾಲರಿಯಲ್ಲಿ ಮೊಮ್ಮಕ್ಕಳ ನಲವತ್ತು ಫೋಟೋ ಉಳಿದಿದ್ದವು. ಸಂಘದ ವಹಿಯ ಪುಟವನ್ನು ಮಾತ್ರ ಅಳಿಸಲು ಮನಸ್ಸಾಗದೆ ಇಟ್ಟುಕೊಂಡಿದ್ದರು. "ಯಾರೇ ಬಾಕಿ ಇಲ್ಲ ಅಂದರ ಇದೇ ನೋಡು ಸಾಕ್ಷಿ" ಅಂದರು. ನನ್ನ ಮೆಷೀನಿನಲ್ಲೇ ಪ್ರಿಂಟ್ ತೆಗೆದುಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು, ಫೋನಿನಲ್ಲಿದ್ದದ್ದನ್ನು ತಾವೇ ಅಳಿಸಿ, ಸಂಘದ ಕಾರ್ಯದರ್ಶಿಯ ಮನೆಗೆ ಕೊಡಲು ಆಟೋ ಹತ್ತಿದರು.